ಕೋಳಿ ಕೂಗೋ ಕೆಲಸ

ನಮ್ಮ ಮನೆಯಲ್ಲಿ ಮಕ್ಕಳಿಗೆ ವರ್ಷದ ದೊಡ್ಡ ಹಬ್ಬ ಕ್ರಿಸ್‌ಮಸ್ ಆಗಿರಲಿಲ್ಲ, ಬೂದಿ ಬುಧವಾರ ಆಗಿತ್ತು. ಗೊತ್ತಿರುವವರು ನಗಬಹುದು. ಬೂದಿ ಬುಧವಾರ ಅಂದ್ರೆ ನಮ್ಮ ಕಥೋಲಿಕರಲ್ಲಿ ತಪಸ್ಸು ಕಾಲ ಶುರುವಾಗೋ ದಿನ. ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಕೊಟ್ಟಿದ್ದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಸ್ವಾಮಿಗಳು ಹಣೆಗೆ ಹಚ್ಚಿ, ಮಣ್ಣಿಂದ ಬಂದವನು ಮಣ್ಣಿಗೇ ಹೋಗ್ತೀಯ ಅಂತ ನೆನಪು ಮಾಡಿ ಕಳಿಸುವ ದಿನ. ಅದರಲ್ಲಿ ಹಬ್ಬ ಎಲ್ಲಿಂದ ಬಂತು? ಆ ಸಂಜೆ ಅಪ್ಪ ಕುಡಿಯುವುದನ್ನು ನಿಲ್ಲಿಸುತ್ತಿದ್ದ. ಅಷ್ಟೇ ನಮ್ಮ ಹಬ್ಬ.

ನಮ್ಮದು ಕನಕಪುರದ ಕಡೆಯ ಊರು. ಒಂದಿಷ್ಟು ಹಿಪ್ಪುನೇರಳೆ, ಒಂದಿಷ್ಟು ರಾಗಿ, ಎರಡು ಹಸು. ಬೇರೆ ದಿನಗಳಲ್ಲಿ ಅಪ್ಪ ರಾಮನಗರದ ಮಾರ್ಕೆಟ್ಟಿಗೆ ಗೂಡು ಹಾಕೋಕೆ ಹೋದರೆ ವಾಪಸ್ ಬರುವಷ್ಟರಲ್ಲಿ ರಾತ್ರಿ ಹತ್ತು ಗಂಟೆ, ದುಡ್ಡು ಅರ್ಧ. ತಪಸ್ಸು ಕಾಲದಲ್ಲಿ ಮಾತ್ರ ಮಧ್ಯಾಹ್ನದ ಬಸ್ಸಿಗೇ ಬಂದುಬಿಡೋನು. ನೋಟುಗಳನ್ನು ಎಣಿಸಿ ಅವ್ವನ ಮಡಿಲಿಗೆ ಹಾಕೋನು. ನಮಗೆ ಖಾರಾಬೂಂದಿ ಪೊಟ್ಟಣ. ಕಿತ್ತುಹೋದ ಚಂದ್ರಿಕೆಗಳನ್ನೆಲ್ಲ ಜಗಲಿ ಮೇಲೆ ಹರವಿಕೊಂಡು ಬಿದಿರು ಸೀಳಿ ಸರಿ ಮಾಡುತ್ತಾ ನನಗೆ ಹದಿನೆಂಟರ ಮಗ್ಗಿ, ಹತ್ತೊಂಬತ್ತರ ಮಗ್ಗಿ ಒಪ್ಪಿಸು ಅನ್ನೋನು. ಅವನಿಗೆ ಹತ್ತೊಂಬತ್ತರ ಮಗ್ಗಿ ಬರುತ್ತಿತ್ತು ಅನ್ನುವುದೇ ಉಳಿದ ಹನ್ನೊಂದು ತಿಂಗಳು ನಮಗೆ ಮರೆತುಹೋಗುತ್ತಿತ್ತು.

ಒಂದು ವರ್ಷ ಜ್ಞಾನೋಪದೇಶದ ಕ್ಲಾಸಿನಲ್ಲಿ ಉಪದೇಶಿಗಳು ಒಂದು ಲೆಕ್ಕ ಹೇಳಿದರು. ಬೂದಿ ಬುಧವಾರದಿಂದ ಪಾಸ್ಕ ಹಬ್ಬದ ಹಿಂದಿನ ದಿನದ ತನಕ ಎಣಿಸಿದರೆ ನಲವತ್ತಲ್ಲ, ನಲವತ್ತಾರು ದಿನ ಆಗುತ್ತೆ. ನಡುವೆ ಬರುವ ಆರು ಭಾನುವಾರಗಳನ್ನು ಉಪವಾಸದ ಲೆಕ್ಕಕ್ಕೆ ಹಿಡಿಯಲ್ಲ, ಯಾಕಂದ್ರೆ ಪ್ರತಿ ಭಾನುವಾರವೂ ಸಣ್ಣ ಪಾಸ್ಕ. ನಾನು ಮನೆಗೆ ಬಂದು ಜಂಬದಿಂದ ಇದನ್ನು ಅವ್ವನಿಗೆ ಒಪ್ಪಿಸಿದೆ. ಅವ್ವ ರಾಗಿ ಬೀಸುವುದನ್ನು ನಿಲ್ಲಿಸಿ, ನನ್ನನ್ನೂ ಎಳಕೊಂಡು ನೇರ ಉಪದೇಶಿಗಳ ಮನೆಗೆ ಹೋದಳು. "ಸಾಮೇರಾ, ಈ ಭಾನ್ವಾರದ ಇಚಾರ ನಮ್ಮನೆಯವ್ರ ಕಿವಿಗೆ ಮಾತ್ರ ಬೀಳ್ದಂಗೆ ನೋಡ್ಕಳಿ." ಉಪದೇಶಿಗಳು ನಗಲಿಲ್ಲ. ಆಯ್ತಮ್ಮ ಅಂದರು. ಆ ರಹಸ್ಯವನ್ನು ಅವರು ಸಾಯೋ ತನಕ ಕಾಪಾಡಿದರು.

ಶುಭ ಶುಕ್ರವಾರದ ರಾತ್ರಿ ಗುಡಿ ಮುಂದಿನ ಬಯಲಲ್ಲಿ ಪಾಡಿನ ನಾಟಕ. ಯೇಸುಸ್ವಾಮಿಯ ಕಡೇ ರಾತ್ರಿಯಿಂದ ಶಿಲುಬೆಯ ತನಕದ ಕಥೆ. ರೋಮನ್ ಸೈನಿಕರಿಗೆ ರಟ್ಟಿನ ಟೋಪಿ, ರಕ್ತಕ್ಕೆ ಕುಂಕುಮದ ನೀರು. ಅದರಲ್ಲಿ ಅಪ್ಪನದು ರಾಯಪ್ಪನ ಪಾರ್ಟು. ರಾಯಪ್ಪ ಅಂದ್ರೆ ಪೇತ್ರ. ನಮ್ಮ ಹಳೇ ಕಥೋಲಿಕ ಊರುಗಳಲ್ಲಿ ಪೇತ್ರನನ್ನು ರಾಯಪ್ಪ ಅಂತಲೂ ಪೌಲನನ್ನು ಚಿನ್ನಪ್ಪ ಅಂತಲೂ ಕರೆಯುವುದು ವಾಡಿಕೆ. ಇಬ್ಬರದೂ ಹಬ್ಬ ಒಂದೇ ದಿನ, ಜೂನ್ 29. ಹೊರಗಿನ ಗೆಳೆಯರಿಗೆ ಇದನ್ನು ಹೇಳಿದರೆ, ಅಯ್ಯೋ ಇವು ನಮ್ಮ ಹೆಸರಲ್ವಾ ಅಂತಾರೆ. ನಮ್ಮವೂ ಹೌದು ಅಂತೀನಿ.

ನಾಟಕದ ಆ ದೃಶ್ಯ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ಎಲ್ಲರೂ ಬಿಟ್ಟರೂ ನಾನು ಬಿಡಲ್ಲ ಅಂದಿದ್ದವನು ರಾಯಪ್ಪ. ಕೋಳಿ ಕೂಗೋದರೊಳಗೆ ಮೂರು ಸಲ ನನ್ನನ್ನು ಗೊತ್ತಿಲ್ಲ ಅಂತೀಯ ಅಂತ ಸ್ವಾಮಿ ಮೊದಲೇ ಹೇಳಿರುತ್ತಾರೆ. ಹಿಡಿದುಕೊಂಡು ಹೋದ ಮೇಲೆ ರಾಯಪ್ಪ ಮಹಾಯಾಜಕನ ಮನೆಯ ಅಂಗಳಕ್ಕೆ ಬಂದು ಆಳುಗಳ ನಡುವೆ ಬೆಂಕಿ ಕಾಯಿಸುತ್ತಾ ನಿಲ್ಲುತ್ತಾನೆ. ಒಬ್ಬ ಕೆಲಸದ ಹುಡುಗಿ, ನೀನೂ ಅವನ ಕಡೆಯವನಲ್ವಾ ಅಂತ ಕೇಳ್ತಾಳೆ. ಅಲ್ಲ ಅಂತಾನೆ. ಇನ್ನೊಬ್ಬ ಕೇಳ್ತಾನೆ. ಅಲ್ಲ. ಮೂರನೇ ಸಲ ಆಣೆ ಇಟ್ಟು ಅಲ್ಲ ಅಂತಾನೆ. ಕೋಳಿ ಕೂಗುತ್ತೆ. ಹೊರಗೆ ಹೋಗಿ ಅಳ್ತಾನೆ.

ನಮ್ಮೂರಲ್ಲಿ ಆ ಬೆಂಕಿಗೆ ನಿಜವಾದ ಅಗ್ಗಿಷ್ಟಿಕೆ ಇಡುತ್ತಿದ್ದರು. ಅಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಮೂರನೇ ಸಲ "ಆ ಮನುಷ್ಯ ಯಾರೋ ಏನೋ, ನಂಗೂ ಅವ್ನಿಗೂ ಸಂಬಂಧ ಇಲ್ಲ" ಅಂದ ಕೂಡಲೇ ಪರದೆ ಹಿಂದಿನಿಂದ ಕೋಳಿ ಕೂಗಬೇಕು. ಆ ಕೂಗುವ ಕೆಲಸ ನಂದು. ಏಳನೇ ವಯಸ್ಸಿಂದ ಹದಿಮೂರರ ತನಕ ನಾನೇ ಕೋಳಿ. ನಾನು ಕೂಗುತ್ತಿದ್ದಂತೆ ಅಪ್ಪ ಅಳೋನು. ಅದು ನಾಟಕದ ಅಳು ಅಲ್ಲ, ಮೂಗು ಸೋರಿಸಿಕೊಂಡು, ಭುಜ ಕುಲುಕಿಸಿಕೊಂಡು ಅಳೋನು. ಹೆಂಗಸರು ಸೆರಗು ಬಾಯಿಗೆ ಹಿಡಿಯೋರು. ರಾಯಪ್ಪನ ಪಾರ್ಟು ಅಂದ್ರೆ ಇವ್ನೇ ಮಾಡ್ಬೇಕು ಅಂತ ಸುತ್ತಮುತ್ತಲ ಊರಲ್ಲೆಲ್ಲ ಹೆಸರಾಗಿತ್ತು.

ಶನಿವಾರ ರಾತ್ರಿ ಪಾಸ್ಕ ಪೂಜೆ. ಹೊಸ ಬೆಂಕಿ, ದೊಡ್ಡ ಮೇಣದಬತ್ತಿ, ಸ್ವಾಮಿ ಎದ್ದುಬಂದರು ಅಂತ ಗಂಟೆ. ಭಾನುವಾರ ಮಧ್ಯಾಹ್ನ ಅವ್ವನ ಬಾಡಿನ ಸಾರು ಒಲೆ ಮೇಲೆ ಕುದಿಯುತ್ತಿರುವಾಗಲೇ ಅಪ್ಪ ಜಗಲಿಯ ಕಂಬಕ್ಕೆ ಒರಗಿ, ಕಣ್ಣು ಕೆಂಪಗೆ ಮಾಡಿಕೊಂಡು, ಹತ್ತೊಂಬತ್ತರ ಮಗ್ಗಿ ಮರೆತ ಅಪ್ಪ ಆಗಿರುತ್ತಿದ್ದ. ಸ್ವಾಮಿಯ ಜೊತೆ ಸಾರಾಯಿಯೂ ಎದ್ದುಬರುತ್ತೆ ಅಂತ ನನ್ನ ತಮ್ಮ ಒಂದು ಸಲ ಅಂದ. ಅವನಿಗೆ ಆಗ ಒಂಬತ್ತು ವರ್ಷ. ತಮಾಷೆಗೆ ಹೇಳಿದ್ದಲ್ಲ.

ಹದಿಮೂರು ತುಂಬಿದ ವರ್ಷದ ಪಾಸ್ಕ ಹಬ್ಬದಲ್ಲಿ ನಾನು ಅಪ್ಪನ ಎದುರು ನಿಂತು, "ನಲವತ್ತು ದಿನ ನಾಟಕ, ಶುಕ್ರವಾರ ಇನ್ನೊಂದು ನಾಟಕ, ಯಾಕಪ್ಪ ಇದೆಲ್ಲ" ಅಂದೆ. ಹೊಡೀತಾನೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಕೆಳಗೆ ನೋಡಿಕೊಂಡು, "ನಲವತ್ತು ದಿನ ಇತ್ತಲ್ಲ ಮಗ, ಅದೂ ಸುಳ್ಳಾ?" ಅಂದ. ಕುಡುಕನ ಮಾತು ಅಂತ ನಾನು ಒಳಗೆ ಹೋದೆ. ಮುಂದಿನ ವರ್ಷದಿಂದ ಕೋಳಿ ಕೂಗೋಕೆ ಹೋಗಲಿಲ್ಲ. ಗಂಟಲು ಒಡೆದಿದೆ ಅಂತ ಸಬೂಬು ಹೇಳಿದೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅವ್ವ ಅವತ್ತು ಮಾತೆ ಮರಿಯಮ್ಮನ ಮುಂದೆ ಎರಡು ಮೇಣದಬತ್ತಿ ಹಚ್ಚಿದಳು. ವಾರ ಕಳೆಯುವುದರೊಳಗೆ ಅಪ್ಪ ವಿಸ್ಕಿ ಕಡೆಗೆ ತಿರುಗಿಕೊಂಡಿದ್ದ. ಖರ್ಚು ಜಾಸ್ತಿ ಆಯ್ತು, ಅಷ್ಟೇ ಬದಲಾವಣೆ. ನಾನು ಆಗ ಮೈಸೂರಿನಲ್ಲಿ ಬಿಇ ಓದುತ್ತಿದ್ದೆ.

ಈಗ ಹೇಳಬೇಕಾದ ಮಾತಿಗೆ ಬರ್ತೀನಿ. ಇಲ್ಲಿಯವರೆಗೆ ಬರೆದದ್ದು ಸುಲಭದ ಭಾಗ.

ಮೂರನೇ ವರ್ಷದಲ್ಲಿ ಒಂದು ದಿನ ಹಾಸ್ಟೆಲ್ ಗೇಟಿನ ಹತ್ತಿರ ನಾವು ನಾಲ್ಕೈದು ಜನ ನಿಂತಿದ್ದೆವು. ಅಪ್ಪ ಬಂದ. ಹೇಳಿ ಕಳಿಸಿರಲಿಲ್ಲ. ಮಾಸಿದ ಪಂಚೆ, ಮೇಲೆ ತೊಳೆದ ಬಿಳಿ ಅಂಗಿ, ಹವಾಯಿ ಚಪ್ಪಲಿಯ ಒಂದು ಉಂಗುಷ್ಟಕ್ಕೆ ಪಿನ್ನು. ಕೈಯಲ್ಲಿ ಗೊಬ್ಬರದ ಚೀಲದಲ್ಲಿ ಹೊಲಿಸಿದ ಕೈಚೀಲ. ನನ್ನ ಪಕ್ಕದಲ್ಲಿದ್ದವನು, ಯಾರೋ ನಿನ್ನ ಕಡೆಗೇ ಬರ್ತಾವ್ರೆ, ಯಾರು ಅಂತ ಕೇಳಿದ. ಅಪ್ಪ ಮೂರು ಮಾರು ದೂರದಲ್ಲಿದ್ದ. ಕುಡಿದಿರುತ್ತಾನೆ, ಇವರ ಮುಂದೆ ಏನಾದರೂ ಮಾತಾಡುತ್ತಾನೆ ಅಂತ ನನ್ನ ಎದೆ ಹೊಡೆದುಕೊಂಡಿತು. "ನಮ್ಮೂರವ್ರು. ಪರಿಚಯ" ಅಂದೆ.

ಅಪ್ಪನಿಗೆ ಕೇಳಿಸಿತು. ಕೇಳಿಸಿತು ಅಂತ ನನಗೆ ಹೇಗೆ ಗೊತ್ತು ಅಂದರೆ, ಅವನು ನಡೆಯುವ ವೇಗ ಒಂದು ಹೆಜ್ಜೆಯಷ್ಟು ಕಡಿಮೆಯಾಯಿತು. ಹತ್ತಿರ ಬಂದು ಚೀಲ ನನ್ನ ಕಡೆ ಚಾಚಿ, "ನಿಮ್ಮಪ್ಪಾರು ಕಳಿಸವ್ರೆ, ತಕಳಿ. ನಾನು ಇತ್ಲಾಗೆ ಬಂದಿದ್ದೆ, ಕೊಟ್ಟೋಗು ಅಂದ್ರು" ಅಂದ. ನನ್ನನ್ನು 'ತಕಳಿ' ಅಂದ, ಬಹುವಚನದಲ್ಲಿ. ಹುಡುಗರಿಗೆಲ್ಲ ಒಂದು ನಮಸ್ಕಾರ ಹಾಕಿ ಬಸ್‌ಸ್ಟ್ಯಾಂಡಿನ ಕಡೆ ಹೋದ. ಚೀಲದಲ್ಲಿ ರಾಗಿ ಹುರಿಹಿಟ್ಟು, ಬೆಲ್ಲ, ಅವ್ವನ ಕೈಯ ನಿಪ್ಪಟ್ಟು, ಕಾಗದದಲ್ಲಿ ಸುತ್ತಿದ ಎಂಟುನೂರು ರೂಪಾಯಿ.

ಅವತ್ತು ಅಪ್ಪ ಕುಡಿದಿರಲಿಲ್ಲ. ಅದು ಮಾರ್ಚ್ ತಿಂಗಳು, ತಪಸ್ಸು ಕಾಲದ ನಡುಭಾಗ. ಹಾಸ್ಟೆಲಿನಲ್ಲಿ ನಾನು ಗುಡಿಗೆ ಹೋಗುವುದನ್ನು ಬಿಟ್ಟಿದ್ದೆ, ಹಾಗಾಗಿ ಲೆಕ್ಕ ತಪ್ಪಿತ್ತು. ರಾಯಪ್ಪನಿಗೆ ಮೂರು ಅವಕಾಶ ಸಿಕ್ಕಿದ್ದವು, ನನಗೆ ಒಂದರಲ್ಲೇ ಮುಗಿಯಿತು. ಕೋಳಿ ಕೂಗೋಕೆ ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಕೆಲಸ, ಬೆಂಗಳೂರು, ಮದುವೆ, ಮಗಳು. ಮನೆಗೆ ದುಡ್ಡು ಕಳಿಸುತ್ತಿದ್ದೆ, ಅವ್ವನ ಜೊತೆ ಫೋನಲ್ಲಿ ಮಾತಾಡುತ್ತಿದ್ದೆ. ಅಪ್ಪನ ಹತ್ತಿರ 'ಊಟ ಆಯ್ತಾ, ಮಳೆ ಆಯ್ತಾ' ಅಷ್ಟೇ. ಒಳಗೊಳಗೆ ಒಂದು ಷರತ್ತು ಹಾಕಿಕೊಂಡಿದ್ದೆ. ಅವನು ಪೂರ್ತಿ ಬಿಟ್ಟ ದಿನ ಸರಿಯಾಗಿ ಮಾತಾಡ್ತೀನಿ, ಅವತ್ತೇ ಹಾಸ್ಟೆಲಿನ ವಿಷಯಕ್ಕೂ ಕ್ಷಮೆ ಕೇಳ್ತೀನಿ. ನನ್ನ ತಪ್ಪನ್ನು ಅವನ ತಪ್ಪಿನ ಬಾಲಕ್ಕೆ ಕಟ್ಟಿದ್ದೆ.

ನನ್ನ ಕೆಲಸ ಸರ್ವರ್‌ಗಳನ್ನು ನೋಡಿಕೊಳ್ಳುವುದು. ಈ ಕಸುಬಿನಲ್ಲಿ ಹೊಸಬರಿಗೆ ಮೊದಲು ಕಲಿಸುವ ಪಾಠಗಳಲ್ಲಿ ಒಂದು, ನೂರಕ್ಕೆ ನೂರು ಅನ್ನೋ ಗುರಿ ಇಟ್ಟುಕೊಳ್ಳಬೇಡಿ ಅಂತ. ಯಂತ್ರ ಬಿದ್ದೇ ಬೀಳುತ್ತೆ. ಎಷ್ಟು ಬೀಳಬಹುದು ಅಂತ ಮೊದಲೇ ಒಪ್ಪಿಕೊಂಡು, ಬಿದ್ದಾಗ ಎಷ್ಟು ಬೇಗ ಎಬ್ಬಿಸಬಹುದು ಅಂತ ಯೋಚನೆ ಮಾಡಿ. ಶೇಕಡಾ 99.9 ಅಂತ ಒಪ್ಪಿಕೊಂಡರೆ ಮೂವತ್ತು ದಿನದ ತಿಂಗಳಿಗೆ ಸುಮಾರು 43 ನಿಮಿಷ ಬೀಳಲು ಅನುಮತಿ ಇದೆ. ಅದಕ್ಕೆ ಎರರ್ ಬಜೆಟ್ ಅಂತಾರೆ. ಬಿದ್ದ ಮೇಲೆ ಯಾರ ತಪ್ಪು ಅಂತ ಬೆರಳು ತೋರಿಸದೆ, ಏನಾಯ್ತು ಅಂತ ಮಾತ್ರ ಕೂತು ಬರೆಯಬೇಕು. ಇದನ್ನೆಲ್ಲ ನಾನು ಹೊಸ ಹುಡುಗರಿಗೆ ಸ್ಲೈಡ್ ಹಾಕಿ ಹೇಳಿಕೊಡ್ತೀನಿ. ಚಪ್ಪಾಳೆಯೂ ತಟ್ಟಿದ್ದಾರೆ. ಸರ್ವರಿಗೆ 43 ನಿಮಿಷ ಕೊಟ್ಟ ನಾನು ಅಪ್ಪನಿಗೆ ಒಂದು ನಿಮಿಷ ಕೊಟ್ಟಿರಲಿಲ್ಲ. ಹಾಗಂತ ಎರಡನ್ನೂ ಸಮ ಮಾಡೋಕೂ ಆಗಲ್ಲ ಬಿಡಿ. ಸರ್ವರು ಬಿದ್ದರೆ ಯಾರ ಬಳೆಯೂ ಒಡೆಯಲ್ಲ. ಅವ್ವನ ಬಲಗೈ ಮಣಿಕಟ್ಟಿನ ಹತ್ತಿರ ಒಂದು ಗಾಯದ ಗುರುತಿದೆ, ಒಂದು ಪಾಸ್ಕ ಹಬ್ಬದ ರಾತ್ರಿಯದು.

ಏಳು ವರ್ಷದ ಹಿಂದೆ, ಮಗಳ ಜ್ಞಾನಸ್ನಾನಕ್ಕೆ ಮುಂಚೆ, ಹೆಂಡತಿಯ ಒತ್ತಾಯಕ್ಕೆ ಪಾಪನಿವೇದನೆಗೆ ಹೋದೆ. ಹತ್ತು ವರ್ಷದ ಮೇಲಾಗಿತ್ತು. ವಯಸ್ಸಾದ ಸ್ವಾಮಿಗಳು, ಗುರುಮಠದಲ್ಲಿ ಸಭೆಯ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಹಾಸ್ಟೆಲ್ ಗೇಟಿನ ವಿಷಯ ಹೇಳಿದೆ. ಅಪ್ಪ ಬಿಟ್ಟ ಮೇಲೆ ಕ್ಷಮೆ ಕೇಳೋಣ ಅಂತಿದ್ದೀನಿ ಅಂತಲೂ ಹೇಳಿದೆ. ಹತ್ತು ನಮೋ ಮರಿಯಾ ಕೊಟ್ಟು ಕಳಿಸುತ್ತಾರೆ ಅಂದುಕೊಂಡರೆ, ಕೂತ್ಕೋ ಅಂದರು.

ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಬರೀತೀನಿ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಇದ್ದಿಲ ಬೆಂಕಿ ಅನ್ನೋ ಅರ್ಥದ ಒಂದು ಪದ ಎರಡೇ ಎರಡು ಕಡೆ ಬರುತ್ತಂತೆ, ಎರಡೂ ಯೊವಾನ್ನನ ಶುಭಸಂದೇಶದಲ್ಲಿ. ಒಂದು, ರಾಯಪ್ಪ ಗೊತ್ತಿಲ್ಲ ಅಂದ ಅಂಗಳದ ಬೆಂಕಿ. ಇನ್ನೊಂದು, ಎದ್ದುಬಂದ ಸ್ವಾಮಿ ತಿಬೇರಿಯ ಸರೋವರದ ದಡದಲ್ಲಿ ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು, ರಾತ್ರಿಯೆಲ್ಲ ಬಲೆ ಬೀಸಿ ಸೋತಿದ್ದ ಇವರನ್ನು ಊಟಕ್ಕೆ ಕರೆದ ಬೆಂಕಿ. ಅಲ್ಲಿ ರಾಯಪ್ಪನಿಗೆ ವಿಚಾರಣೆ ಇಲ್ಲ. ನನ್ನ ಮೇಲೆ ಪ್ರೀತಿ ಇದೆಯಾ ಅಂತ ಮೂರು ಸಲ ಕೇಳಿ, ಹಾಗಾದ್ರೆ ಕುರಿ ಮೇಯಿಸು ಅಂತ ಕೆಲಸ ಕೊಡ್ತಾರೆ. ಅದೂ ಮೊದಲು ಊಟ ಆದ ಮೇಲೆ.

ಇಷ್ಟಕ್ಕೇ ಮುಗಿದಿದ್ದರೆ ಪಾಡಿನ ನಾಟಕದ ಥರ ಚೆನ್ನಾಗಿರುತ್ತಿತ್ತು. ಸ್ವಾಮಿಗಳು, ಮುಂದಿನದು ನಿಮಗೆ ಯಾರೂ ನಾಟಕ ಆಡಿ ತೋರಿಸಲ್ಲ ಅಂತ ನಕ್ಕರು. ಅಷ್ಟೆಲ್ಲ ಆದ ಮೇಲೂ ರಾಯಪ್ಪ ಮತ್ತೆ ಜಾರಿದ. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಒಂದೇ ಸಾಲಲ್ಲಿ ಕೂತು ಉಣ್ಣುತ್ತಿದ್ದವನು, ಜೆರುಸಲೇಮಿನಿಂದ ಮಡಿವಂತರು ಬಂದ ಕೂಡಲೇ ಹೆದರಿ ಹಿಂದೆ ಸರಿದ. ಚಿನ್ನಪ್ಪ ಎಲ್ಲರೆದುರಿಗೇ ಬೈದ. ಗಲಾತ್ಯರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಅದನ್ನು ಮುಚ್ಚುಮರೆ ಇಲ್ಲದೆ ಬರೆದಿಟ್ಟಿದ್ದಾನೆ. (ಊಟದ ಸಾಲಿನಿಂದ ಏಳುವುದು ನಮ್ಮ ದೇಶಕ್ಕೆ ಗೊತ್ತಿಲ್ಲದ್ದೇನಲ್ಲ. ಗುಡಿಯ ಒಳಗೂ ಯಾರು ಎಲ್ಲಿ ಕೂರಬೇಕು ಅಂತ ಗೆರೆ ಎಳೆದುಕೊಂಡ ಕ್ರೈಸ್ತರು ನಾವು. ಆ ಅಧ್ಯಾಯ ಓದುವಾಗ ನಮ್ಮ ದನಿ ಸ್ವಲ್ಪ ತಗ್ಗುತ್ತೆ.) ಇಷ್ಟು ಸಲ ಬಿದ್ದವನ ಮೇಲೆಯೇ ಸಭೆ ಕಟ್ಟಿದ್ದು. ಇಬ್ಬರಿಗೂ ಒಂದೇ ದಿನ ಹಬ್ಬ.

250ನೇ ಇಸವಿಯ ಕಥೆಯನ್ನೂ ಅವರೇ ಹೇಳಿದ್ದು. ರೋಮಿನ ಚಕ್ರವರ್ತಿ ಡೀಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟ್ ತಗೋಬೇಕು ಅಂತ ಆಜ್ಞೆ ಮಾಡಿದ. ಅಂಥ ಚೀಟಿಗಳು ಈಜಿಪ್ಟಿನಲ್ಲಿ ಇವತ್ತಿಗೂ ಸಿಕ್ಕಿವೆ. ಕೆಲವರು ಸತ್ತರು. ಬಹಳ ಜನ ಹೆದರಿ ಬಲಿ ಕೊಟ್ಟರು, ಕೆಲವರು ಕೊಡದೆಯೇ ಲಂಚ ಕೊಟ್ಟು ಚೀಟಿ ಮಾಡಿಸಿಕೊಂಡರು. ಗಲಾಟೆ ತಣ್ಣಗಾದ ಮೇಲೆ ಇವರೆಲ್ಲ ಅಳುತ್ತಾ ವಾಪಸ್ ಬಂದರು. ನೊವೇಷಿಯನ್ ಅನ್ನುವ ಗುರುವಿನ ಕಡೆಯವರು, ಇವರಿಗೆ ಬಾಗಿಲು ತೆಗೆಯಬಾರದು ಅಂದರು. ತಮ್ಮನ್ನು ಪರಿಶುದ್ಧರು ಅಂತ ಕರೆದುಕೊಂಡು ಬೇರೆಯಾದರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ರೋಮಿನ ಬಿಷಪ್ ಕೊರ್ನೇಲಿಯಸ್, ಪ್ರಾಯಶ್ಚಿತ್ತ ಮಾಡಿಸಿ ಒಳಗೆ ಬಿಟ್ಟುಕೊಳ್ಳೋಣ ಅಂದರು. "ನಾವಿಬ್ರೂ ಆ ವಾಪಸ್ ಬಂದೋರ ಕಡೇವ್ರು ಕಣಪ್ಪ" ಅಂದರು ಸ್ವಾಮಿಗಳು. ಆಮೇಲೆ ಪ್ರಾಯಶ್ಚಿತ್ತ ಕೊಟ್ಟರು. ಊರಿಗೆ ಹೋಗಿ ಅಪ್ಪನ ಜೊತೆ ಕೂತು ಒಂದು ಊಟ ಮಾಡು. ಅವನು ಬಿಡೋವರೆಗೂ ಕಾಯಬೇಡ.

ಹೋದೆ. ಆ ಊಟ ಆಗಲಿಲ್ಲ. ನಾನು ಹೋಗುವಷ್ಟರಲ್ಲಿ ಅಪ್ಪ ಕುಡಿದು ಹುಳುಮನೆಯ ಮುಂದೆ ಮಲಗಿದ್ದ. ಅವ್ವನೂ ನಾನೂ ಮುದ್ದೆ ಉಂಡು ಮಲಗಿದೆವು. ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದರೆ ಅಪ್ಪ ಸೊಪ್ಪು ಕೊಯ್ಯೋಕೆ ಹೊರಟಿದ್ದ. ಜೊತೆಗೆ ಹೋದೆ. ಹಿಪ್ಪುನೇರಳೆ ಸಾಲಿನಲ್ಲಿ ಅವನು ಅತ್ತ, ನಾನು ಇತ್ತ. ಮುಖ ಕಾಣದಿದ್ದದ್ದು ಒಳ್ಳೆಯದಾಯಿತು. ಹಾಸ್ಟೆಲಿನಲ್ಲಿ ಹಿಂಗಂದಿದ್ದೆ, ತಪ್ಪಾಯ್ತಪ್ಪ ಅಂದೆ. ಕುಡುಗೋಲು ಒಂದು ಕ್ಷಣ ನಿಂತಿತು.

"ಯಾವಾಗ್ಲಾ? ನಂಗೆ ಗ್ಯಾಪ್ನವೇ ಇಲ್ವಲ್ಲ" ಅಂದ.

ನಿಜವಾಗಿ ಮರೆತಿದ್ದನೋ, ಗೇಟಿನ ಹತ್ತಿರ ಮಾಡಿದ ಹಾಗೆ ಇನ್ನೊಂದು ಸಲ ನನ್ನ ಮಾನ ಮುಚ್ಚಿದನೋ, ಇವತ್ತಿಗೂ ಗೊತ್ತಿಲ್ಲ. ಕೇಳಿಲ್ಲ, ಕೇಳೋದೂ ಇಲ್ಲ. ಸೊಪ್ಪು ಹೊತ್ತು ಬಂದು ಇಬ್ಬರೂ ಹಿತ್ತಲ ಕಟ್ಟೆ ಮೇಲೆ ಕೂತು ತಂಗಳು ಮುದ್ದೆ, ಉಪ್ಪು ಮೆಣಸಿನಕಾಯಿ ತಿಂದೆವು. ಅದೇ ನನ್ನ ಪ್ರಾಯಶ್ಚಿತ್ತ ಅಂತ ಲೆಕ್ಕ ಹಾಕಿಕೊಂಡೆ.

ಆಮೇಲೆ ಎಲ್ಲ ಸರಿಹೋಯಿತು ಅಂತ ಬರೆಯೋಕೆ ಆಗಲ್ಲ. ಆ ವರ್ಷದ ಕೊನೆಯಲ್ಲಿ ಅಪ್ಪನಿಗೆ ಕಾಮಾಲೆ ಬಂತು. ಡಾಕ್ಟರು ಲಿವರ್ ಹಾಳಾಗುತ್ತಿದೆ ಅಂದರು. ಊರಿನ ಒಬ್ಬರು ಅವನನ್ನು ಭಾನುವಾರ ಪಟ್ಟಣದ ಚರ್ಚ್ ಹಾಲಿನಲ್ಲಿ ನಡೆಯುವ ಎಎ ಮೀಟಿಂಗಿಗೆ ಕರೆದುಕೊಂಡು ಹೋದರು. ಆಲ್ಕೊಹಾಲಿಕ್ಸ್ ಅನಾನಿಮಸ್. ಅದು ಯಾವ ಧರ್ಮಕ್ಕೂ ಸೇರಿದ್ದಲ್ಲ. ಮುಸಲ್ಮಾನರು, ಲಿಂಗಾಯತರು, ಒಕ್ಕಲಿಗರು ಎಲ್ಲರೂ ಬರ್ತಾರೆ. ಅಲ್ಲಿ ಯಾರೂ ಜೀವಮಾನದ ಆಣೆ ಹಾಕಲ್ಲ. ಇವತ್ತು ಒಂದು ದಿನ ಕುಡಿಯಲ್ಲ, ನಾಳೇದು ನಾಳೆ. ಅಪ್ಪನಿಗೆ ಇದು ತಕ್ಷಣ ಅರ್ಥವಾಯಿತು. ನಲವತ್ತು ದಿನದ ಅನುಭವ ಇತ್ತಲ್ಲ.

ಹದಿನಾಲ್ಕು ತಿಂಗಳು ಮುಟ್ಟಲಿಲ್ಲ. ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಮತ್ತೆ ಕುಡಿದು ಮೂರು ದಿನ ಮೇಲೇಳಲಿಲ್ಲ. ನನ್ನ ತಲೆ ಕೆಟ್ಟುಹೋಯಿತು. ಅಷ್ಟೂ ದಿನದ ಕೌಂಟರ್ ಸೊನ್ನೆಗೆ ಬಂದುಬಿಡ್ತಲ್ಲ ಅಂತ. ಮುಂದಿನ ಭಾನುವಾರ ಮೀಟಿಂಗಿಗೆ ಬಿಡೋಕೆ ನಾನೇ ಹೋಗಿದ್ದೆ. ಹೊರಗೆ ಟೀ ಕುಡಿಯುತ್ತಾ ಅಲ್ಲಿನ ಹಿರಿಯರೊಬ್ಬರ ಹತ್ತಿರ ಗೊಣಗಿದೆ. ಅವರು ಕೇಳಿದರು, ನಮ್ಮ ಸಂಘ ಹುಟ್ಟಿದ ದಿನ ಯಾವುದು ಗೊತ್ತಾ?

ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. 1935ರ ಮೇ ತಿಂಗಳಲ್ಲಿ ಅಮೆರಿಕದ ಏಕ್ರಾನ್ ಊರಿನಲ್ಲಿ ಬಿಲ್ ವಿಲ್ಸನ್ ಅನ್ನೋ ಕುಡಿತ ಬಿಟ್ಟ ಷೇರು ವ್ಯವಹಾರದ ಮನುಷ್ಯ, ಡಾಕ್ಟರ್ ಬಾಬ್ ಅನ್ನೋ ಕುಡುಕ ಸರ್ಜನ್‌ನನ್ನು ಭೇಟಿ ಮಾಡಿದ. ಡಾಕ್ಟರ್ ಕುಡಿತ ಬಿಟ್ಟ. ಕೆಲವೇ ವಾರಕ್ಕೆ ಅಟ್ಲಾಂಟಿಕ್ ಸಿಟಿಯಲ್ಲಿ ಡಾಕ್ಟರುಗಳ ಸಮಾವೇಶಕ್ಕೆ ಹೋಗಿ ಕಂಠಪೂರ್ತಿ ಕುಡಿದು ವಾಪಸ್ ಬಂದ. ಬಿಲ್ ಅವನನ್ನು ಸುಧಾರಿಸಿಕೊಳ್ಳೋಕೆ ಬಿಟ್ಟು, ಮತ್ತೆ ಎಬ್ಬಿಸಿದ. ಡಾಕ್ಟರ್ ಬಾಬ್ ಕಡೇ ಸಲ ಕುಡಿದ ಜೂನ್ 10ನ್ನೇ ಸಂಘದ ಹುಟ್ಟಿದ ದಿನ ಅಂತ ಆಚರಿಸ್ತಾರೆ. ಇಬ್ಬರು ಭೇಟಿಯಾದ ಒಳ್ಳೇ ದಿನ ಬಿಟ್ಟು, ಒಬ್ಬ ಬಿದ್ದು ಎದ್ದ ದಿನವನ್ನು ಇಟ್ಟುಕೊಂಡಿದ್ದಾರೆ. ಇವರಿಬ್ಬರೂ ಮೊದಲು ಆಕ್ಸ್‌ಫರ್ಡ್ ಗ್ರೂಪ್ ಅನ್ನೋ ಕ್ರೈಸ್ತ ಕೂಟದ ಜೊತೆ ಇದ್ದವರು. ಅಲ್ಲಿ ಪರಿಪೂರ್ಣ ಪ್ರಾಮಾಣಿಕತೆ, ಪರಿಪೂರ್ಣ ಶುದ್ಧತೆ, ಪರಿಪೂರ್ಣ ನಿಸ್ವಾರ್ಥ, ಪರಿಪೂರ್ಣ ಪ್ರೀತಿ ಅಂತ ನಾಲ್ಕು ಕಟ್ಟಳೆ. ಕುಡುಕರಿಗೆ ಈ 'ಪರಿಪೂರ್ಣ' ಅನ್ನೋದು ಮೊದಲ ಮೆಟ್ಟಿಲಲ್ಲೇ ಕಾಲು ಮುರಿಯುತ್ತೆ ಅಂತ ಬಿಲ್ಲನಿಗೆ ಅನುಭವದಿಂದ ಗೊತ್ತಾಯಿತು. ಮುಂದೆ ಬೇರೆಯಾದರು. ನೊವೇಷಿಯನ್ನನ ಜಗಳವೇ ಮತ್ತೆ, ಬೇರೆ ಊರಲ್ಲಿ.

ಅಪ್ಪ ಆಮೇಲೆ ಇನ್ನೂ ಮೂರ್ನಾಲ್ಕು ಸಲ ಬಿದ್ದಿದ್ದಾನೆ. ಪ್ರತಿ ಸಲವೂ ಮುಂದಿನ ಭಾನುವಾರ ಹಾಲಿನ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾನೆ. ಕಸುಬಿನ ಚಟ, ಒಂದು ದಿನ ಲೆಕ್ಕ ಹಾಕಿದೆ. ಆರು ವರ್ಷದಲ್ಲಿ ಅವನು ಕುಡಿದ ದಿನಗಳು ಹೆಚ್ಚು ಅಂದರೆ ಮೂವತ್ತು. ತೊಂಬತ್ತೆಂಟೂವರೆ ಪರ್ಸೆಂಟ್. ನಮ್ಮ ಆಫೀಸಿನಲ್ಲಿ ಅಂಥ ಸರ್ವರನ್ನು ಕಿತ್ತು ಬಿಸಾಕ್ತಾರೆ. ಅವ್ವನಿಗೆ ಹೇಳಿದೆ. ಅವಳಿಗೆ ಪರ್ಸೆಂಟ್ ಬೇಕಿರಲಿಲ್ಲ.

ಅವ್ವನ ವಿಷಯ ಹೇಳದೆ ಇದನ್ನು ಮುಗಿಸಿದರೆ ಮೋಸ ಆಗುತ್ತೆ. ಕ್ಷಮೆ ಅಂತ ಗುಡಿಯಲ್ಲಿ ಪ್ರಸಂಗ ಕೇಳಿ ಕೇಳಿ, ಅದರ ಹೆಸರಲ್ಲಿ ಹೆಂಗಸರು ಎಷ್ಟು ಏಟು ತಿಂದಿದ್ದಾರೆ ಅಂತ ನಾನು ನೋಡಿದ್ದೀನಿ. ಹೋಗ್ಲಿ ಬಿಡವ್ವ, ಗಂಡ ಅಲ್ವಾ ಅನ್ನೋದನ್ನು ವರಪ್ರಸಾದ ಅಂತ ಕರೆದರೆ ನನಗೆ ಮೈ ಉರಿಯುತ್ತೆ. ಅವ್ವ ಆ ಥರದವಳಲ್ಲ. ಬಳೆ ಒಡೆದ ಆ ರಾತ್ರಿಯ ಮಾರನೇ ದಿನವೇ ಪೆಟ್ಟಿಗೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು. ಇವತ್ತು ಗೂಡಿನ ದುಡ್ಡು ಅವಳ ಅಕೌಂಟಿಗೇ ಬರುತ್ತೆ. ಜಮೀನಿನ ಪತ್ರ ಅವಳ ಹತ್ತಿರ. ಹೋದ ವರ್ಷ ಅಪ್ಪ ಹನ್ನೊಂದು ತಿಂಗಳು ನೆಟ್ಟಗಿದ್ದದ್ದನ್ನು ನೋಡಿ, ಇನ್ನಾದರೂ ಕೈಗೊಂದಿಷ್ಟು ದುಡ್ಡು ಕೊಡವ್ವ, ಕ್ಷಮಿಸಿಬಿಡು ಅಂದೆ.

"ಕ್ಷಮ್ಸಿ ಎಷ್ಟೋ ವರ್ಷ ಆಯ್ತು ಕಣ್ಲಾ" ಅಂದಳು. "ಬೀಗದ ಕೈ ಮಾತ್ರ ಕೊಡಾಕಿಲ್ಲ."

ಅಪ್ಪ ಪಕ್ಕದಲ್ಲೇ ಕೂತಿದ್ದ. "ಕೊಡ್ಬ್ಯಾಡ ಬುಡು" ಅಂದ. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡರು. ದೇವಶಾಸ್ತ್ರ ಓದಿದವರು ಇದಕ್ಕೆ ಏನು ಹೆಸರು ಕೊಡ್ತಾರೋ ಗೊತ್ತಿಲ್ಲ. ನಮ್ಮ ಮನೆಯ ನಡುಮನೆಯಲ್ಲಿರುವ ಪಟದಲ್ಲಿ ಎದ್ದುಬಂದ ಸ್ವಾಮಿಯ ಅಂಗೈಯಲ್ಲಿ ಮೊಳೆಯ ಗಾಯ ಹಾಗೇ ಇದೆ. ಅದರ ಕೆಳಗೆ ಅವ್ವನ ಮಣಿಕಟ್ಟು.

ಈ ವರ್ಷ ಪಾಡಿನ ನಾಟಕಕ್ಕೆ ರಾಯಪ್ಪನ ಪಾರ್ಟಿನ ಹುಡುಗನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ಮತ್ತೆ ಅಪ್ಪನನ್ನೇ ಕೇಳಿದರು. ತಲೆ ಪೂರ್ತಿ ಬೆಳ್ಳಗಾಗಿದೆ, ಕೂತರೆ ಏಳೋಕೆ ಇನ್ನೊಬ್ಬರ ಕೈ ಬೇಕು. ಕೋಳಿ ಕೂಗೋ ಕೆಲಸ ನನ್ನ ಮಗಳಿಗೆ ಸಿಕ್ಕಿತು. ಅವಳಿಗೆ ಏಳು ವರ್ಷ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೋಳಿಯ ಕೂಗನ್ನು ಯೂಟ್ಯೂಬ್‌ನಲ್ಲಿ ನೋಡಿ ಕಲಿತಿದ್ದಳು. ಮೂರನೇ ಸಲ ತಾತ ಇಲ್ಲ ಅಂದ ಮೇಲೆ ಕೂಗಬೇಕು, ಬೆರಳು ಮಡಚಿ ಎಣಿಸು ಅಂತ ನಾನು ಪರದೆ ಹಿಂದೆ ಪಕ್ಕದಲ್ಲೇ ನಿಂತು ಹೇಳಿಕೊಟ್ಟಿದ್ದೆ.

ಅಗ್ಗಿಷ್ಟಿಕೆ ಇಟ್ಟರು. ಅಪ್ಪ ಕೈ ಕಾಯಿಸುತ್ತಾ ಕೂತ. ಕೆಲಸದ ಹುಡುಗಿ ಕೇಳಿದಳು, ಅಪ್ಪ ಇಲ್ಲ ಅಂದ. ಕೂಡಲೇ ನನ್ನ ಮಗಳು ಶಕ್ತಿ ಎಲ್ಲ ಬಿಟ್ಟು ಕೂಗಿಬಿಟ್ಟಳು. ಮೊದಲನೇ ಸಲಕ್ಕೇ. ಜನ ಹೋ ಅಂತ ನಕ್ಕರು. ರಟ್ಟಿನ ಟೋಪಿಯ ಸೈನಿಕರು ನಕ್ಕರು. ಮಗಳು ನನ್ನ ಸೊಂಟಕ್ಕೆ ಮುಖ ಮುಚ್ಚಿಕೊಂಡು, ತಪ್ಪಾಯ್ತು ಪಪ್ಪ, ತಪ್ಪಾಯ್ತು ಅಂತ ಅಳೋಕೆ ಶುರು ಮಾಡಿದಳು.

ಪರದೆ ಸಂದಿಯಿಂದ ನೋಡಿದೆ. ಅಪ್ಪನೂ ನಗುತ್ತಿದ್ದ, ಬೆಂಕಿಯ ಮುಂದೆ, ರಾಯಪ್ಪನ ಕಂಬಳಿ ಹೊದ್ದುಕೊಂಡು. ಹಾರ್ಮೋನಿಯಂ ಹತ್ತಿರ ಕೂತಿದ್ದ ಈಗಿನ ಉಪದೇಶಿಗಳು, ಹಳೆಯವರ ಮಗ, ಮೈಕ್ ತಗೊಂಡು, "ಯಾರೂ ನಗ್ಬೇಡಿ, ಸಂತ ಮಾರ್ಕನ ಶುಭಸಂದೇಶದ ಪ್ರಕಾರ ಕೋಳಿ ಎರಡು ಸಲ ಕೂಗುತ್ತೆ, ಇದು ಮೊದಲನೇದು" ಅಂದರು. ಅದು ನಿಜವೂ ಹೌದು. ಅಪ್ಪ ಪರದೆಯ ಕಡೆ ತಿರುಗಿ, "ಪುಟ್ಟಿ, ಇನ್ನೊಂದು ಸಲ ಅದೆ ಕಣವ್ವ, ಅಳ್ಬ್ಯಾಡ" ಅಂತ ಕೂಗಿ ಹೇಳಿ, ಮತ್ತೆ ಬೆಂಕಿಯ ಕಡೆ ಕೈ ಚಾಚಿದ.